ಕೇಳಿದ್ದು ಒಂದು, ನೆನಪಿನಲ್ಲಿ ಉಳಿದದ್ದು ಇನ್ನೊಂದು

ಒಂದು ಕಾಲದ ಸಂಗೀತ ಎಂದು ನಾವು ಕರೆಯುವುದು ಯಾವುದನ್ನು? ಆ ಕಾಲದ ಜನ ಹೆಚ್ಚಾಗಿ ಕೇಳಿದ್ದನ್ನೋ, ಆ ಕಾಲ ಕಳೆದ ಮೇಲೂ ಜನ ಹಾಡಿಕೊಂಡು ಬಂದದ್ದನ್ನೋ? ಎರಡೂ ಒಂದೇ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಇತಿಹಾಸದ ಲೆಕ್ಕ ಬೇರೆಯೇ ಇದೆ. 1960ರ ದಶಕದ ಇಂಗ್ಲೆಂಡ್ ಎಂದೊಡನೆ ಇಂದು ನೆನಪಾಗುವುದು ಬೀಟಲ್ಸ್ ತಂಡ. ಆದರೆ 1967ರಲ್ಲಿ ಆ ತಂಡದ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡುಗಳ ಧ್ವನಿಮುದ್ರಿಕೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟದಂತೆ ತಡೆದದ್ದು ಎಂಗೆಲ್ಬರ್ಟ್ ಹಂಪರ್ಡಿಂಕ್ ಹಾಡಿದ ‘ರಿಲೀಸ್ ಮಿ’ ಎಂಬ ಅಗಲಿಕೆಯ ಹಾಡು. ಈ ಗಾಯಕ ಹುಟ್ಟಿದ್ದು ನಮ್ಮ ಮದರಾಸಿನಲ್ಲಿ ಎಂಬುದೊಂದು ಸ್ವಾರಸ್ಯ. ಅದೇ ದಶಕದಲ್ಲಿ ಬ್ರಿಟನ್ನಿನ ಮನೆಮನೆಗೆ ಕೊಂಡೊಯ್ಯಲ್ಪಟ್ಟ ಧ್ವನಿಮುದ್ರಿಕೆಗಳಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಹಾಡುಗಳು ಮುಂಚೂಣಿಯಲ್ಲಿದ್ದವು. ಕೊಂಡವರ ಕೈ ಒಂದು ಕಡೆ, ಚರಿತ್ರೆಯ ಕಿವಿ ಇನ್ನೊಂದು ಕಡೆ.

ಈ ಅಂತರಕ್ಕೆ ಹೆಸರು ಕೊಟ್ಟವರು ವಿಮರ್ಶಕ ರೇಮಂಡ್ ವಿಲಿಯಮ್ಸ್. 1961ರಲ್ಲಿ ಪ್ರಕಟವಾದ ‘ದಿ ಲಾಂಗ್ ರೆವಲ್ಯೂಷನ್’ ಗ್ರಂಥದಲ್ಲಿ ಅವರು ಸಂಸ್ಕೃತಿಯನ್ನು ಮೂರು ನೆಲೆಗಳಲ್ಲಿ ನೋಡುತ್ತಾರೆ. ಒಂದು ಕಾಲದ ಜನ ಬದುಕಿದ ಸಂಸ್ಕೃತಿ ಮೊದಲನೆಯದು. ದಾಖಲೆಯಾಗಿ ಉಳಿದದ್ದು ಎರಡನೆಯದು. ಆ ದಾಖಲೆಯಿಂದ ಮುಂದಿನ ತಲೆಮಾರುಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಂಡ ಪರಂಪರೆ ಮೂರನೆಯದು. ಆಯ್ಕೆ ನಡೆದಿದೆ ಎಂಬುದೇ ಕಾಲಾನಂತರದಲ್ಲಿ ಮರೆತುಹೋಗುತ್ತದೆ. ಆರಿಸಿಕೊಂಡದ್ದನ್ನೇ ಇಡೀ ಕಾಲವೆಂದು ನಂಬುತ್ತೇವೆ.

ಹೈದರಾಬಾದಿನ ಕನ್ನಡಿಗರಾದ ನಾವು ಈ ಮಾತನ್ನು ನಮ್ಮ ಮೇಲೆಯೇ ಪ್ರಯೋಗಿಸಿ ನೋಡಬಹುದು. 1970 ಮತ್ತು 80ರ ದಶಕದ ಕನ್ನಡದ ದನಿ ಯಾವುದು ಎಂದು ನಮ್ಮ ಸಾಹಿತ್ಯ ಬಳಗಗಳಲ್ಲಿ ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಭಾವಗೀತೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಕೆ. ಸುಮಿತ್ರ. ಕವಿಗಳೆಂದರೆ ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ನಿಸಾರ್ ಅಹಮದ್. ನಮ್ಮ ನವೆಂಬರ್ ವೇದಿಕೆಯ ಹಾರ್ಮೋನಿಯಂ, ತಬಲಾ, ಸಾಲಾಗಿ ನಿಂತ ಹೆಣ್ಣುಮಕ್ಕಳ ಸಮೂಹಗಾನ ಎಲ್ಲವೂ ಈ ನೆನಪಿನ ಅಂಗಗಳೇ. ಆ ದಶಕಗಳನ್ನು ಕಂಡಿರದ ನಮ್ಮ ಮಕ್ಕಳಿಗೂ ಆ ಕಾಲದ ಕನ್ನಡ ಹೀಗೆಯೇ ಕೇಳಿಸುತ್ತಿತ್ತೆಂಬ ಭಾವನೆ ಗಟ್ಟಿಯಾಗಿದೆ.

ಆದರೆ ಆ ಕಾಲದಲ್ಲಿ ಕನ್ನಡಿಗರ ಕಿವಿ ತುಂಬಿದ್ದು ಮುಖ್ಯವಾಗಿ ಚಿತ್ರಗೀತೆ. ಕನ್ನಡಕ್ಕೆ ಬಿನಾಕಾ ಗೀತಮಾಲಾದಂತಹ, ವಾರವಾರ ಹಾಡುಗಳಿಗೆ ಸ್ಥಾನ ಕಟ್ಟುವ ಕಾರ್ಯಕ್ರಮದ ಸುದೀರ್ಘ ದಾಖಲೆ ಇಲ್ಲ. ಆದರೂ ಯಾವುದು ಜನಪ್ರಿಯವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿಗಳಿವೆ: ಚಿತ್ರಗಳು ಓಡಿದ ವಾರಗಳು, ವಿವಿಧ ಭಾರತಿಯ ಕೋರಿಕೆ ಕಾರ್ಯಕ್ರಮಗಳು, ಗಣೇಶೋತ್ಸವದ ಆರ್ಕೆಸ್ಟ್ರಾಗಳು, ಬಸ್ಸು ಮತ್ತು ಹೋಟೆಲುಗಳಲ್ಲಿ ಮೊಳಗಿದ ಕ್ಯಾಸೆಟ್ಟುಗಳು. 1972ರ ‘ಬಂಗಾರದ ಮನುಷ್ಯ’ಕ್ಕೆ ಜಿ.ಕೆ. ವೆಂಕಟೇಶ್, ಅದೇ ವರ್ಷದ ‘ನಾಗರಹಾವು’ ಚಿತ್ರಕ್ಕೆ ವಿಜಯಭಾಸ್ಕರ್, 1974ರ ‘ಎರಡು ಕನಸು’ ಮತ್ತು 1976ರ ‘ಬಯಲುದಾರಿ’ಗೆ ರಾಜನ್–ನಾಗೇಂದ್ರ ಸಂಗೀತ ಕೊಟ್ಟರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡುವ ಹೊಸ ಅಧ್ಯಾಯ ಶುರುವಾಯಿತು. 1981ರ ‘ಗೀತಾ’ಕ್ಕೆ ಇಳಯರಾಜ, 1986ರ ‘ರಥಸಪ್ತಮಿ’ಗೆ ಉಪೇಂದ್ರಕುಮಾರ್. 1987ರಲ್ಲಿ ಹಂಸಲೇಖ ಮತ್ತು ರವಿಚಂದ್ರನ್ ಜೋಡಿಯ ‘ಪ್ರೇಮಲೋಕ’ ಬಂದಾಗ ಕನ್ನಡದ ಕ್ಯಾಸೆಟ್ ವ್ಯಾಪಾರದ ಅಳತೆಯೇ ಬದಲಾಯಿತು. ನಲವತ್ತು ದಾಟಿದ ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಬೀದಿಯಲ್ಲಿ ಕೇಳಿದ್ದು ಈ ಹಾಡುಗಳನ್ನು. ಇಂದು ವೇದಿಕೆ ಹತ್ತಿ ‘ನಮ್ಮ ಕಾಲದ ಹಾಡು’ ಎಂದು ಮಕ್ಕಳಿಗೆ ಕಲಿಸುತ್ತಿರುವುದು ಮಾತ್ರ ಬೇರೆಯದನ್ನು.

ಈ ಪಲ್ಲಟ ಹೇಗೆ ಆಯಿತು? ಮೊದಲ ಕಾರಣ ಆಕಾಶವಾಣಿ. ‘ಸುಗಮ ಸಂಗೀತ’ ಎಂಬ ಹೆಸರೇ ರೇಡಿಯೊದ ಮೂಲಕ ನಮ್ಮ ನಾಲಿಗೆಗೆ ಬಂದದ್ದು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳೆಂದರೆ ಆಗುತ್ತಿರಲಿಲ್ಲ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಬಹುಮಟ್ಟಿಗೆ ಮರೆಯಾಯಿತು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ತಿರುಗಿದರು. ಚಿತ್ರಗೀತೆಗೆ ಪರ್ಯಾಯವಾಗಿ, ಒಳ್ಳೆಯ ಕಾವ್ಯಕ್ಕೆ ಹಗುರವಾದ ರಾಗ ಹೊಂದಿಸುವ ಸುಗಮ ಸಂಗೀತ ವಿಭಾಗಗಳು ನಿಲಯಗಳಲ್ಲಿ ಹುಟ್ಟಿದವು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಗಿ ಚಿತ್ರಗೀತೆ ಮತ್ತೆ ಬಂದರೂ ಆ ವಿಭಾಗಗಳು ಉಳಿದುಕೊಂಡವು. ಕನ್ನಡದಲ್ಲಿ ಈ ದಾರಿ ಅದಕ್ಕೂ ಮೊದಲೇ ತೆರೆದಿತ್ತು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯವರೊಡನೆ ಊರೂರು ಸುತ್ತಿ ನವೋದಯದ ಕವಿತೆಗಳನ್ನು ಜನರ ಬಾಯಿಗೆ ತಂದಿದ್ದರು. ರೇಡಿಯೊ ಆ ದಾರಿಗೆ ಸರ್ಕಾರಿ ಮುದ್ರೆ ಒತ್ತಿತು. ಹೀಗೆ ಭಾವಗೀತೆಗೆ ಹುಟ್ಟಿನಿಂದಲೇ ಒಂದು ಗೌರವ ಅಂಟಿಕೊಂಡಿತು: ಇದು ಸಿನಿಮಾ ಅಲ್ಲದ ಹಾಡು, ಮನೆಮಂದಿಯೆಲ್ಲ ಕೂತು ಕೇಳಬಹುದಾದ ಹಾಡು.

ಎರಡನೆಯ ಕಾರಣ ಕ್ಯಾಸೆಟ್. ಉತ್ತರ ಭಾರತದ ಕ್ಯಾಸೆಟ್ ಲೋಕವನ್ನು ಅಧ್ಯಯನ ಮಾಡಿದ ಪೀಟರ್ ಮ್ಯಾನುಯೆಲ್, 1993ರ ತಮ್ಮ ಪುಸ್ತಕದಲ್ಲಿ ಈ ಅಗ್ಗದ ಸಾಧನ ದೊಡ್ಡ ಕಂಪನಿಯ ಏಕಸ್ವಾಮ್ಯ ಮುರಿದು ಪ್ರಾದೇಶಿಕ ಹಾಡುಗಳಿಗೂ ಭಕ್ತಿಗೀತೆಗಳಿಗೂ ಹೇಗೆ ಬಾಗಿಲು ತೆರೆಯಿತು ಎಂದು ವಿವರಿಸಿದ್ದಾರೆ. ಕನ್ನಡದಲ್ಲಿ ಆ ಬಾಗಿಲಿನಿಂದ ಒಳಬಂದವರಲ್ಲಿ ಕವಿಗಳೂ ಇದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಹೆಸರಾಯಿತು. 1942ರಲ್ಲಿ ಅಚ್ಚಾದ ಕೆ.ಎಸ್.ನ. ಅವರ ‘ಮೈಸೂರು ಮಲ್ಲಿಗೆ’, ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಶರೀಫರ ತತ್ವಪದಗಳು ಅಶ್ವತ್ಥ್ ಅವರ ಕೈಯಲ್ಲಿ ಹೊಸ ಜನ್ಮ ಪಡೆದವು. ನಾಡಿನ ಹೊರಗಿದ್ದವರಿಗೆ ಕ್ಯಾಸೆಟ್ ಅಂದರೆ ಸುಮ್ಮನೆಯಲ್ಲ. ಆಗ ಇಲ್ಲಿ ಕನ್ನಡ ಚಿತ್ರ ನೋಡಲು ಚಿತ್ರಮಂದಿರ ಹುಡುಕಬೇಕಿತ್ತು, ಕನ್ನಡ ಪತ್ರಿಕೆಗೆ ಕಾಯಬೇಕಿತ್ತು. ಊರಿಗೆ ಹೋದವರು ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆಗೆ ಚೀಲದಲ್ಲಿ ನಾಲ್ಕು ಕ್ಯಾಸೆಟ್ ತರುತ್ತಿದ್ದರು. ಅವು ಟೇಪು ಸವೆಯುವವರೆಗೆ ಓಡುತ್ತಿದ್ದವು.

ಮೂರನೆಯ ಕಾರಣ ನಮ್ಮ ಊರಿಗೇ ವಿಶೇಷವಾದದ್ದು. ಅದನ್ನು ಇಲ್ಲಿ ನೆಲೆಸಿದವರಷ್ಟು ಬೆಂಗಳೂರಿನವರು ಬಲ್ಲರೆಂದು ನಮಗೆ ತೋರದು. ಆ ಎರಡು ದಶಕಗಳ ಕನ್ನಡ ಚಿತ್ರಗೀತೆಯ ಪ್ರಮುಖ ಕಂಠಗಳನ್ನು ಒಮ್ಮೆ ಎಣಿಸೋಣ. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ಕಡೆಯವರು. ಎಸ್. ಜಾನಕಿ ಅಂದಿನ ಗುಂಟೂರು ಜಿಲ್ಲೆಯವರು. ಪಿ. ಸುಶೀಲಾ ವಿಜಯನಗರಂನವರು. ಹಾಡುಗಳಲ್ಲಿ ಬಹುಪಾಲು ಮುದ್ರಣವಾಗುತ್ತಿದ್ದದ್ದು ಮದರಾಸಿನ ಸ್ಟುಡಿಯೊಗಳಲ್ಲಿ, ನಾಲ್ಕು ಭಾಷೆಗಳಿಗೂ ನುಡಿಸುವ ವಾದ್ಯವೃಂದದೊಂದಿಗೆ. ನಮ್ಮವರೇ ಆದ ರಾಜನ್–ನಾಗೇಂದ್ರ ತೆಲುಗಿನ ‘ಪಂತುಲಮ್ಮ’, ‘ನಾಲುಗು ಸ್ತಂಭಾಲಾಟ’ ಮುಂತಾದ ಚಿತ್ರಗಳಿಗೆ ಸಂಗೀತ ಕೊಟ್ಟು ಇಲ್ಲಿ ಮನೆಮಾತಾಗಿದ್ದರು. ಎಂದರೆ ಕನ್ನಡದ ಜನಪ್ರಿಯ ಚಿತ್ರಸಂಗೀತ ಬಹುಮಟ್ಟಿಗೆ ಇಡೀ ದಕ್ಷಿಣದ ಸಂಗೀತವಾಗಿತ್ತು. ಕರ್ನಾಟಕದೊಳಗೆ ಇದು ಸಮಸ್ಯೆಯಲ್ಲ. ಎಸ್‌ಪಿಬಿ ಅಲ್ಲಿ ಕನ್ನಡದವರೇ. ಆದರೆ ಹೈದರಾಬಾದಿನಲ್ಲಿ ಒಬ್ಬ ಕನ್ನಡಿಗ ‘ಇದು ನಮ್ಮ ಹಾಡು’ ಎಂದು ಬಾಲು ಅವರ ದನಿಯನ್ನು ಕೇಳಿಸಿದರೆ ಪಕ್ಕದ ಮನೆಯವರು ಪ್ರೀತಿಯಿಂದಲೇ ‘ಮಾ ಬಾಲು’ ಎನ್ನುತ್ತಾರೆ. ಅದರಲ್ಲಿ ಜಗಳವೇನೂ ಇಲ್ಲ, ಹಂಚಿಕೊಂಡ ಸಂತೋಷವಿದೆ. ಆದರೆ ಹಂಚಿಕೊಂಡದ್ದು ಗುರುತಿನ ಚೀಟಿಯಾಗಲಾರದು. ಪರಸ್ಥಳದಲ್ಲಿರುವ ಸಣ್ಣ ಸಮುದಾಯ ತನ್ನದೆಂದು ತೋರಿಸಲು ಬೇರೆಯವರಲ್ಲಿ ಇಲ್ಲದ್ದನ್ನು ಆರಿಸಿಕೊಳ್ಳುತ್ತದೆ. ಕುವೆಂಪು ಕವಿತೆ, ಅನಂತಸ್ವಾಮಿಯವರ ರಾಗ, ಸುಬ್ಬಣ್ಣನವರ ಕಂಠ ನಮ್ಮಲ್ಲಿ ಮಾತ್ರ ಇದ್ದವು.

ರಾಜ್‌ಕುಮಾರ್ ಅವರ ಕಂಠವೂ ಕನ್ನಡದ್ದೇ ಅಲ್ಲವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಭಿಮಾನಿಗಳ ಬಳಗದಲ್ಲಿ, ಆರ್ಕೆಸ್ಟ್ರಾಗಳಲ್ಲಿ ಅವರ ಹಾಡು ಇಂದಿಗೂ ಜೀವಂತ. ಆದರೆ ಸಾಹಿತ್ಯ ಸಂಘದ ವೇದಿಕೆಯಲ್ಲಿ ಅದಕ್ಕೆ ಸಿಕ್ಕಿದ್ದು ಎರಡನೆಯ ಸಾಲು. ಕವಿಯ ಹೆಸರು ಹೇಳಿ ಹಾಡುವ ಭಾವಗೀತೆಗೆ ಸ್ಪರ್ಧೆ, ಬಹುಮಾನ, ನಿರ್ಣಾಯಕರು. ಚಿತ್ರಗೀತೆಗೆ ಊಟದ ನಂತರದ ಮನರಂಜನೆಯ ಸಮಯ. ಚಿ. ಉದಯಶಂಕರ್ ಅವರ ಹೆಸರು ಹೇಳಿ ಅವರ ಹಾಡನ್ನು ಪರಿಚಯಿಸಿದ ನಿರೂಪಕರನ್ನು ನಮ್ಮ ವೇದಿಕೆಗಳಲ್ಲಿ ನಾವು ಕಂಡದ್ದು ಅಪರೂಪ. ವಾಸ್ತವದಲ್ಲಿ ಈ ಗೆರೆ ಅಷ್ಟು ಸ್ಪಷ್ಟವೂ ಅಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ಕವಿತೆಯಿದೆ, 1982ರ ‘ಹೊಸ ಬೆಳಕು’ ಚಿತ್ರದಲ್ಲಿ ಕುವೆಂಪು ಅವರದು. ಶಿವಮೊಗ್ಗ ಸುಬ್ಬಣ್ಣ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದದ್ದು ಕಂಬಾರರ ‘ಕಾಡುಕುದುರೆ’ ಚಿತ್ರದ ಹಾಡಿಗೆ. ಕೆ.ಎಸ್.ನ. ಅವರಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂದದ್ದು ನಾಗಾಭರಣರ ‘ಮೈಸೂರು ಮಲ್ಲಿಗೆ’ ಚಿತ್ರದಿಂದ. ಸ್ವತಃ ಅಶ್ವತ್ಥ್ ಚಿತ್ರಗಳಿಗೆ ಸಂಗೀತ ನೀಡಿದವರು. ಕಲಾವಿದರು ಎರಡೂ ದಡಗಳ ನಡುವೆ ಓಡಾಡುತ್ತಿದ್ದರು. ದಡಗಳನ್ನು ಬೇರೆ ಮಾಡಿದ್ದು ನಮ್ಮ ನೆನಪು.

ಇದರೊಂದಿಗೆ ತೀರ ಸಾಮಾನ್ಯವಾದ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಚಿತ್ರಗೀತೆಯನ್ನು ಕೇಳುವುದು ಸುಲಭ, ಹಾಡುವುದು ಕಷ್ಟ. ಹತ್ತಾರು ಪಿಟೀಲು, ಯುಗಳ ಕಂಠ, ನಡುನಡುವಿನ ವಾದ್ಯಸಂಗೀತ ಬಿಟ್ಟರೆ ಅದು ಬಡವಾಗುತ್ತದೆ. ಭಾವಗೀತೆಗೆ ಒಂದು ಹಾರ್ಮೋನಿಯಂ ಸಾಕು. ರಾಗ ಚೌಕಟ್ಟಿನೊಳಗೆ ನಿಲ್ಲುತ್ತದೆ, ಪಲ್ಲವಿ ಮರಳಿ ಮರಳಿ ಬರುತ್ತದೆ, ಹತ್ತು ಜನ ಒಟ್ಟಿಗೆ ಹಾಡಬಹುದು. ಬಿಎಚ್‌ಇಎಲ್, ಇಸಿಐಎಲ್, ರಕ್ಷಣಾ ಪ್ರಯೋಗಾಲಯಗಳು, ರೈಲ್ವೆ ಮತ್ತು ನಮ್ಮಂತಹ ಕೇಂದ್ರ ಸರ್ಕಾರಿ ನೌಕರರ ಕಚೇರಿಗಳಿಂದ ಸಂಜೆ ಬಿಡುವು ಮಾಡಿಕೊಂಡು ಬರುವವರು ನಾಲ್ಕು ಭಾನುವಾರ ತಾಲೀಮು ನಡೆಸಿದರೆ ರಾಜ್ಯೋತ್ಸವಕ್ಕೆ ಆರು ಹಾಡು ಸಿದ್ಧವಾಗುತ್ತವೆ. ಮಾರಾಟದ ಲೆಕ್ಕ ಆ ವರ್ಷಕ್ಕೆ ಮುಗಿಯುತ್ತದೆ. ಮರಳಿ ಹಾಡುವವರಿದ್ದರೆ ಹಾಡು ಐವತ್ತು ವರ್ಷ ಬಾಳುತ್ತದೆ. ನೆನಪಿನ ದನಿಯನ್ನು ಕಟ್ಟುವುದು ಮರುಹಾಡುವಿಕೆ ಎಂಬುದು ನಮ್ಮ ಈ ಬರಹದ ಮುಖ್ಯ ಮಾತು.

ನೆರೆಯ ಭಾಷೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಪ್ರದೇಶಗಳಿದ್ದವು. ಮರಾಠಿಗರ ನೆನಪಿನಲ್ಲಿ 1955–56ರಲ್ಲಿ ಪುಣೆ ಆಕಾಶವಾಣಿಯಿಂದ ವಾರವಾರ ಬಿತ್ತರವಾದ ಮಾಡ್ಗೂಳಕರ್ ಮತ್ತು ಸುಧೀರ್ ಫಡ್ಕೆ ಅವರ ‘ಗೀತ ರಾಮಾಯಣ’ ಇಂದಿಗೂ ಎದ್ದು ನಿಂತಿದೆ. ಅದನ್ನು ವೇದಿಕೆಗಳಲ್ಲಿ ಹಾಡುವುದು ನಿಲ್ಲಲೇ ಇಲ್ಲ. ತೆಲುಗಿನಲ್ಲೂ ರೇಡಿಯೊ ‘ಲಲಿತ ಸಂಗೀತ’ವನ್ನು ಬೆಳೆಸಿತು, ಹೈದರಾಬಾದ್ ನಿಲಯದಲ್ಲಿ ಮಹಾಭಾಷ್ಯಂ ಚಿತ್ತರಂಜನ್ ಅವರಂತಹ ಸಮರ್ಥ ಸಂಯೋಜಕರಿದ್ದರು. ಆದರೂ ಇಲ್ಲಿನ ಜನಸಾಮಾನ್ಯರು ಆ ಕಾಲವನ್ನು ನೆನೆಯುವುದು ಘಂಟಸಾಲ ಅವರ ಕಂಠದಿಂದ, ‘ಶಂಕರಾಭರಣಂ’ ಚಿತ್ರದಿಂದ. ತನ್ನ ಮನೆಯಲ್ಲೇ ಇರುವವನಿಗೆ ತಾನು ಯಾರೆಂದು ಹಾಡಿ ತೋರಿಸುವ ಒತ್ತಡ ಕಡಿಮೆ. ಆ ಒತ್ತಡ ಹೊರನಾಡಿನವರಾದ ನಮ್ಮದು.

ಇಲ್ಲಿಯವರೆಗಿನದು ಗಳಿಕೆಯ ಕಥೆ. ಇನ್ನು ಕಳೆದುಕೊಂಡದ್ದನ್ನು ಹೇಳಬೇಕು. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರು ಬದಲಾಗುವವರೆಗೆ ಆ ಪ್ರದೇಶ ನಮ್ಮ ಈ ನಗರದ ಹೆಸರನ್ನೇ ಹೊತ್ತಿತ್ತು. 1935ರಲ್ಲಿ ನಿಜಾಮ್ ಸರ್ಕಾರದ ಕೈಗೆ ಬಂದು 1950ರಲ್ಲಿ ಆಕಾಶವಾಣಿಯೊಂದಿಗೆ ಸೇರಿದ ಡೆಕ್ಕನ್ ರೇಡಿಯೊ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮಾತಾಡುತ್ತಿತ್ತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಸುತ್ತ ಬೆಳೆದ ಹಳೆಯ ಕನ್ನಡ ಸಮುದಾಯದ ಬೇರು ಬಹುಪಾಲು ಆ ಜಿಲ್ಲೆಗಳಲ್ಲಿತ್ತು. ಆ ನೆಲದ ಹಾಡು ಬೇರೆ. ಏಕತಾರಿ, ತಾಳ, ದಮ್ಮಡಿ ಹಿಡಿದು ರಾತ್ರಿಯೆಲ್ಲ ಹಾಡುವ ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯಪರಂಪರೆಯ ಚೆನ್ನೂರ ಜಲಾಲಸಾಹೇಬರ ಪದಗಳು, ಮೊಹರಮ್ಮಿನಲ್ಲಿ ಕನ್ನಡದಲ್ಲೇ ಹಾಡುವ ರಿವಾಯತ ಪದಗಳು ಅಲ್ಲಿನವು. ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರು ಹಿಂದೂಸ್ತಾನಿ ರಾಗಗಳಲ್ಲಿ ವಚನಗಳನ್ನು ಹಾಡಿದ ರೀತಿಯೂ ಅಲ್ಲಿನದೇ.

ಇಲ್ಲಿಂದ ಬೀದರ ಸುಮಾರು 150 ಕಿಲೋಮೀಟರು, ಬೆಂಗಳೂರು 570. ಆದರೂ ನಮ್ಮ ನವೆಂಬರ್ ವೇದಿಕೆಗೆ ಹತ್ತಿರವಾದದ್ದು ಬೆಂಗಳೂರಿನ ಧ್ವನಿಸುರುಳಿ. ತತ್ವಪದ ಎಂದರೆ ಇಲ್ಲಿ ಶರೀಫರೊಬ್ಬರೇ, ಅದೂ ಅಶ್ವತ್ಥರ ರಾಗದಲ್ಲಿ. ಶರೀಫರನ್ನು ಅಷ್ಟು ಜನರಿಗೆ ತಲುಪಿಸಿದ ಅಶ್ವತ್ಥರ ಸಾಧನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಮಡಿವಾಳಪ್ಪನವರಿಗೆ ಅಂತಹ ಕ್ಯಾಸೆಟ್ ಭಾಗ್ಯ ಆ ಪ್ರಮಾಣದಲ್ಲಿ ಬರಲಿಲ್ಲ ಎಂಬುದಷ್ಟೇ ನಮ್ಮ ಮಾತು. ಕಾಲದ ಜನಪ್ರಿಯ ಹಾಡಿನಿಂದ ಭಾವಗೀತೆಯನ್ನು ಬೇರ್ಪಡಿಸಿ ಉಳಿಸಿಕೊಂಡ ಅದೇ ಆಯ್ಕೆ, ಪಕ್ಕದ ನೆಲದ ಹಾಡನ್ನು ಅಂಗಳದಲ್ಲೇ ನಿಲ್ಲಿಸಿತು. ಸಂಘಗಳ ಸದಸ್ಯರು ಹೆಚ್ಚಾಗಿ ನೌಕರರು, ಅಧಿಕಾರಿಗಳು, ಹೋಟೆಲ್ ಉದ್ಯಮಿಗಳು, ಈಚೆಗೆ ಸಾಫ್ಟ್‌ವೇರ್ ಕ್ಷೇತ್ರದವರು. ಈ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕೂಲಿಕಾರರೂ ಹೈದರಾಬಾದಿನ ಕನ್ನಡಿಗರೇ. ಅವರ ಬಾಯಲ್ಲಿರುವ ಪದ ನಮ್ಮ ವೇದಿಕೆಗೆ ಬಂದಿಲ್ಲ.

ದಾಸರ ಪದಗಳ ಕಥೆ ಇದಕ್ಕೆ ಪ್ರತಿಸಾಕ್ಷಿ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಅದೇ ರಾಯಚೂರು ಸೀಮೆಯವರು. ಅವರ ಹಾಡು ಈ ನಗರದಲ್ಲಿ ಇಂದಿಗೂ ಉಳಿದಿದೆ, ಏಕೆಂದರೆ ಮಠಗಳಲ್ಲಿ, ಮಹಿಳೆಯರ ಭಜನಾ ಮಂಡಳಿಗಳಲ್ಲಿ ಅದನ್ನು ಬಿಡದೆ ಹಾಡುವವರಿದ್ದಾರೆ. ರೇಡಿಯೊ ಬರುವುದಕ್ಕೂ ಮೊದಲೇ ಇದ್ದ ವ್ಯವಸ್ಥೆ ಅದು. ಒಂದೇ ನೆಲದ ಎರಡು ಪರಂಪರೆಗಳಲ್ಲಿ ಒಂದು ಉಳಿದು ಇನ್ನೊಂದು ಮಸುಕಾದದ್ದಕ್ಕೆ ಹಾಡಿನ ಗುಣ ಕಾರಣವಲ್ಲ. ಹಾಡಲು ಒಂದು ಜಾಗ, ಒಂದು ದಿನ, ಹತ್ತು ಜನ ಇದ್ದರೇ ಇಲ್ಲವೇ ಎಂಬುದೇ ಕಾರಣ.

ನಾಡಗೀತೆಯ ಉದಾಹರಣೆಯಿಂದ ಈ ವಿಷಯದ ತೂಕ ತಿಳಿಯುತ್ತದೆ. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ಕರ್ನಾಟಕ ಸರ್ಕಾರ ನಾಡಗೀತೆಯೆಂದು ಘೋಷಿಸಿತು. ಯಾವ ರಾಗದಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವತ್ಥರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ರಾಗವನ್ನು, ಎರಡೂವರೆ ನಿಮಿಷದ ಅವಧಿಯನ್ನು ನಿಗದಿ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಸುಗಮ ಸಂಗೀತದ ಒಂದು ರಾಗ ನಾಡಿನ ಅಧಿಕೃತ ದನಿಯಾಯಿತು. ಆಯ್ದ ಪರಂಪರೆ ಆದೇಶವಾಗಿ ಪರಿಣಮಿಸಿದ ಸಂದರ್ಭ ಇದು.

ಆಯ್ಕೆ ತಪ್ಪೆಂದು ನಾವು ಹೇಳುತ್ತಿಲ್ಲ. ಭಾವಗೀತೆ ಇಲ್ಲದಿದ್ದರೆ ಹೊರನಾಡಿನ ಮಕ್ಕಳಲ್ಲಿ ಅನೇಕರಿಗೆ ಬೇಂದ್ರೆಯವರ ಒಂದು ಸಾಲೂ ಬರುತ್ತಿರಲಿಲ್ಲ. ಲಿಪಿ ಓದಲು ಬಾರದ ಮಗುವಿನ ನಾಲಿಗೆಯ ಮೇಲೆ ಕನ್ನಡ ಕಾವ್ಯವನ್ನು ಕೂರಿಸಿದ ಪುಣ್ಯ ಈ ಹಾಡುಗಳದು. ಆದರೆ ಮಕ್ಕಳಿಗೆ ಹಾಡು ಕಲಿಸುವಾಗ ಇದು ಆ ಕಾಲದ ಕನ್ನಡದ ಒಂದು ದನಿ ಎಂದು ಹೇಳುವುದು ಪ್ರಾಮಾಣಿಕತೆ. ಉಳಿದ ದನಿಗಳನ್ನು ದಾಖಲಿಸುವ ಸಮಯ ಇನ್ನೂ ಮೀರಿಲ್ಲ. ಕಾಚಿಗುಡ, ಸುಲ್ತಾನ್ ಬಜಾರ್ ಭಾಗದ ಹಳೆಯ ಮನೆಗಳಲ್ಲಿ ಎಂಬತ್ತು ದಾಟಿದವರು ಇದ್ದಾರೆ. ಅವರನ್ನು ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಬೇಕು: ನೀವು ಆಗ ಏನು ಕೇಳುತ್ತಿದ್ದಿರಿ? ನಿಮ್ಮ ಮನೆಯಲ್ಲಿ ಏನು ಹಾಡುತ್ತಿದ್ದರು? ಉತ್ತರಗಳನ್ನು ಬರೆದಿಡಬೇಕು, ಹಾಡಿದರೆ ಮುದ್ರಿಸಿಕೊಳ್ಳಬೇಕು. ಬರುವ ರಾಜ್ಯೋತ್ಸವದ ಆರು ಹಾಡುಗಳಲ್ಲಿ ಒಂದನ್ನು ಮಡಿವಾಳಪ್ಪನವರಿಗೆ, ಒಂದನ್ನು ಉದಯಶಂಕರ್ ಅವರಿಗೆ ಬಿಟ್ಟುಕೊಟ್ಟರೆ ಇನ್ನೂ ನಾಲ್ಕು ಉಳಿಯುತ್ತವೆ. ಮಡಿವಾಳಪ್ಪನವರ ಪದವನ್ನು ಹೇಳಿಕೊಡಲು ಬೆಂಗಳೂರಿನಿಂದ ಯಾರನ್ನೂ ಕರೆಸಬೇಕಾಗಿಲ್ಲ. ಬಲ್ಲವರು ಈ ನಗರದಲ್ಲಿಯೇ, ಅರ್ಧ ಎದ್ದ ಯಾವುದೋ ಕಟ್ಟಡದ ನೆರಳಿನಲ್ಲಿ ಸಿಕ್ಕಾರು.